ನೀಲಿ ಗೆರೆಯ ಆಚೆಗಿನ ಷರಾ

"ತಿರುವ್ರಿ ಸಾಹೇಬ್ರ. ಸಿಕ್ಕಾ ಇರೂ ಬಾಜೂ ಅಲ್ಲ, ಅದರ ಬೆನ್ನು ನೋಡ್ರಿ."

ವಕೀಲೆ ವಿದ್ಯಾವತಿ ಮೇಜಿನ ಮೇಲಿಟ್ಟ ಮೊಹರಿನ ಹಾಳೆಯನ್ನು ಸಹಾಯಕ ಇಂಜಿನಿಯರ್ ಅನೀಲಕುಮಾರ ಮುಟ್ಟಲಿಲ್ಲ. ಮುಟ್ಟಿದರೆ ತನ್ನದಾಗಿಬಿಡುತ್ತದೆ ಎಂಬಂತೆ ಎರಡೂ ಕೈಗಳನ್ನು ಕುರ್ಚಿಯ ತೋಳಿನ ಮೇಲೆಯೇ ಇಟ್ಟುಕೊಂಡಿದ್ದ.

"ಇದು ನಮ್ಮ ಆಫೀಸಿನ ರಸೀದಿ. ಈ ಬಾಯಿ ಅರ್ಜಿ ಕೊಟ್ಟಾಳ, ಮುಟ್ಟೇತಿ ಅಂತ ಬರದು ಸಿಕ್ಕಾ ಹೊಡದು ಕೊಟ್ಟೇವಿ. ಇದರಾಗ ಏನ್ ತಪ್ಪೈತ್ರಿ?"

ಈ ಬಾಯಿ ಅಂದರೆ ತಿಪ್ಪವ್ವ. ದೇವಣಗಾಂವದ ಹಾದಿಯಲ್ಲಿ ಹಾಲಹಳ್ಳ ಕಾಲುವೆಯ ನೆಲಗೊಳವೆಯೊಳಗೆ ಹೂಳು ತೆಗೆಯುತ್ತಿದ್ದಾಗ ನೀರು ನುಗ್ಗಿ ಸತ್ತ ಸಂಗಣ್ಣನ ಹೆಂಡತಿ. ಆ ದಿನ ಕಾಲುವೆಯ ಗೇಟು ತೆರೆದ ಕಾವಲುಗಾರ ಗೈಬುಸಾಬ ಲಾಕಪ್ಪಿನಲ್ಲಿದ್ದ. ನಾಳೆ ಅವನ ಜಾಮೀನಿನ ವಿಚಾರಣೆ. ಅವನ ಪರ ವಕಾಲತ್ತು ಹಾಕಿದವಳು ಇಂಡಿ ಊರಿನ ವಿದ್ಯಾವತಿ. ಅವಳ ಪಕ್ಕದಲ್ಲೇ ಸತ್ತವನ ಹೆಂಡತಿ ಬಂದು ನಿಂತಿದ್ದಳು, ಕೊಂದವನೆಂದು ಪೊಲೀಸರು ಬರೆದುಕೊಂಡವನ ಕಡೆಗೆ. ಸಿಂದಗಿಯ ಆ ಕಾಲುವೆ ಕಚೇರಿಗೆ ಅದೇ ದೊಡ್ಡ ಕಿರಿಕಿರಿ. ಬಡವರು ಬಡವರನ್ನೇ ಬೈದುಕೊಂಡು ಮನೆಗೆ ಹೋಗಬೇಕೆಂಬುದು ಅಲ್ಲಿನ ಲೆಕ್ಕಾಚಾರ.

"ತಿರುವಾಕ ನಿಮಗ ತ್ರಾಸ ಆದ್ರ ನಾ ತಿರುವ್ತೇನಿ ಬಿಡ್ರಿ," ಎಂದು ತಿಪ್ಪವ್ವ ಮುಂದೆ ಬಾಗಿದಳು. "ನನಗ ಓದಾಕ ಬರೂದಿಲ್ಲ. ಆದ್ರ ಬೆನ್ನು ಯಾವ್ದು, ಹೊಟ್ಟಿ ಯಾವ್ದು, ಕುರಿ ಕಾಯೂ ಮಂದಿಗಿ ಗೊತ್ತಾಕ್ಕೈತಿ."

ಹಾಳೆ ಮಗುಚಿತು.

ಬೆನ್ನ ಬದಿ ಬಹುತೇಕ ಖಾಲಿ. ನೆತ್ತಿಯ ಮೇಲೆ 'ಷರಾ' ಎಂಬ ಒಂದೇ ತಲೆಬರಹ. ಅದರ ಕೆಳಗೆ ಖಾಲಿ ಚೌಕಗಳು, ಒಂದರ ಕೆಳಗೊಂದು. ನಡುವೆ ಎಲ್ಲೋ ಒಂದು ಚೌಕದಲ್ಲಿ ಮಾತ್ರ ಅಕ್ಷರ: 'ಒಳಗೆ ಕೆಲಸದವರಿದ್ದಾರೆ. ತೆರೆಯಬಾರದು.' ಯಾವ ಗೇಟು, ಯಾವ ಊರು, ಏನೂ ಇಲ್ಲ. ಬುಡದಲ್ಲಿ ಸಣ್ಣದಾಗಿ ತಾರೀಖು, ಅದರ ಪಕ್ಕ 'ಪುಟ 3'. ತಾರೀಖು ಸಂಗಣ್ಣ ಸತ್ತ ವಾರದ್ದು.

ಇಂಥ ಕಚೇರಿಗಳಲ್ಲಿ ಒಂದು ರೂಢಿಯಿದೆ. ಒಂದು ಬದಿ ಮುದ್ರಣವಾಗಿ ಕೆಟ್ಟ ಹಾಳೆಯನ್ನು ಬಿಸಾಡುವುದಿಲ್ಲ, ಒಟ್ಟಿ ಇಡುತ್ತಾರೆ. ದೊಡ್ಡವರ ಪತ್ರಕ್ಕೆ ಹೊಸ ಹಾಳೆ. ಕೂಲಿಯವಳ ಅರ್ಜಿಗೆ ಕೆಟ್ಟ ಹಾಳೆಯ ಬೆನ್ನು. ಹಾಗೆ, ಗಂಡನ ಜೀವ ಉಳಿಸಬಹುದಾಗಿದ್ದ ಪುಟದ ಬೆನ್ನ ಮೇಲೆಯೇ ಹೆಂಡತಿಯ ಅಳು 'ಮುಟ್ಟಿದೆ' ಎಂದು ಬರೆದುಕೊಟ್ಟಿದ್ದರು.

"ರದ್ದಿ ಹಾಳಿ ಇದು," ಎಂದ ಅನೀಲಕುಮಾರ. ದನಿಯಲ್ಲಿ ಮಾತ್ರ ಮೊದಲಿನ ಬಿಗಿ ಇರಲಿಲ್ಲ.

"ನೀವು ಪೊಲೀಸ್ರ ಮುಂದ ಏನ್ ಹೇಳೀರಿ ಸಾಹೇಬ್ರ? ಷರಾ ಕಾಲಮಿನ್ಯಾಗ ಸ್ವಚ್ಛ ಬರದಿತ್ತು, ಗೈಬುಸಾಬ ಓದಲಾರದ ಗೇಟ್ ತಗದಾನ ಅಂತ," ಎಂದಳು ವಿದ್ಯಾವತಿ.

"ಅದು ಖರೆ. ಪೊಲೀಸ್ರು ಬಂದು ಈ ಕಂಪ್ಯೂಟರ್‌ನ್ಯಾಗ ತಾವ ನೋಡ್ಯಾರ. ಎಲ್ಲಾ ಕಾಲಂ ಒಂದ ಸಾಲಿನ್ಯಾಗ ಅದಾವ."

"ಅವರಿಗಿ ತೋರಿಸಿದ್ದು ಪರದಿ. ಗೈಬುಸಾಬಗ ಕೊಟ್ಟಿದ್ದು ಹಾಳಿ."

ಪಕ್ಕದ ಮೇಜಿನಲ್ಲಿ ಟೈಪು ಮಾಡುತ್ತಿದ್ದ ಆಪರೇಟರ್ ಸುನೀತಾಳ ಬೆರಳು ನಿಂತವು. ಅವಳು ಗುತ್ತಿಗೆಯ ನೌಕರೆ. ಗುತ್ತಿಗೆಯವರಿಗೆ ಮೊದಲು ಕಲಿಸುವ ವಿದ್ಯೆ ಕಿವುಡು. ಅದನ್ನು ಅವಳು ಈವರೆಗೆ ಚೆನ್ನಾಗಿಯೇ ನಡೆಸಿದ್ದಳು.

ಕಿಟಕಿಯ ಕಟ್ಟೆಯ ಮೇಲೆ ಒಂದು ಚೀಲ ನಿಂಬೆಹಣ್ಣು. ತಿಪ್ಪವ್ವ ಅದನ್ನೇ ನೋಡುತ್ತಿದ್ದಳು.

"ಇಷ್ಟ್ಯಾಕ ನಿಂಬಿಹಣ್ಣು ಸಾಹೇಬ್ರ? ಆಫೀಸಿಗಿ ದೃಷ್ಟಿ ಆಗೇತೇನ?"

"ಯಾರೋ ಪರಿಚಯದವ್ರು ಕೊಟ್ಟಾರ."

"ತಾಂಬಾದ ರೇವಪ್ಪಗೌಡ್ರು," ಎಂದಳು ವಿದ್ಯಾವತಿ. "ಆವತ್ತ ಗೇಟ್ ತಗದ ಮ್ಯಾಲ ನೀರು ಮೊದಲ ಹೋಗಿದ್ದು ಅವರ ನಿಂಬಿ ತ್ವಾಟಕ್ಕ. ಮಂದಿ ಒಳಗ ಅದಾರ ಅಂತ ಗೇಟ್ ಮುಚ್ಚಿದ್ರ ಆ ವಾರ ಅವರ ಪಾಳಿ ತಪ್ಪತಿತ್ತು. ಇರ್ಲಿ, ಅದು ಆಮ್ಯಾಲಿನ ಮಾತು. ಈಗ ಈ ಮೂರನೇ ಪುಟ ಹ್ಯಾಂಗ ಹುಟ್ಟಿತು ಹೇಳ್ರಿ."

ಅನೀಲಕುಮಾರ ಮೊದಲ ಬಾರಿ ನಕ್ಕ. ಓದಿದವರು ಓದದವರ ಮುಂದೆ ನಗುವ ನಗೆ.

"ವಕೀಲಬಾಯಾರ, ಇದು ಕಾಯ್ದೆ ಅಲ್ಲ, ಕಂಪ್ಯೂಟರ್. ವೇಳಾಪಟ್ಟಿ ಅಗಲ ಐತಿ, ಹಾಳಿ ಸಣ್ಣದೈತಿ. ಎಲ್ಲಿ ಜಾಗ ತೀರತೈತೋ ಅಲ್ಲಿ ಮಷಿನ್ ಕಡೀತೈತಿ. ಕಡಿ ಕಾಲಂ ಮುಂದಿನ ಪುಟಕ್ಕ ಜಿಗದೈತಿ. ಮಷಿನ್ ತಪ್ಪು. ಏನ್ ಮಾಡೂದ್ರಿ, ಮಷಿನ್ ಮ್ಯಾಲ ಕೇಸ್ ಹಾಕ್ತೀರೇನು?"

ನಮ್ಮ ಕಡೆ ಬಡವ ಸತ್ತರೆ ಮೊದಲು ಹಣೆಬರಹ ಕಾರಣವಾಗುತ್ತಿತ್ತು. ಈಗ ಮಷಿನ್. ಹಣೆಬರಹ ಬರೆದ ದೇವರನ್ನಾದರೂ ಹಾದಿಯಲ್ಲಿ ನಿಂತು ಬೈಯಬಹುದಿತ್ತು. ಮಷಿನ್ನಿಗೆ ಮುಖವಿಲ್ಲ, ಆದ್ದರಿಂದ ಅದರ ಹಿಂದೆ ನಿಲ್ಲುವವರಿಗೆ ನೆರಳು ದಟ್ಟ.

"ಹಾಕೂಣ್ರಿ," ಎಂದಳು ವಿದ್ಯಾವತಿ. "ಮೊದಲ ಅದರ ಹೇಳಿಕಿ ತಗೊಳ್ಳೂಣು. ಫೈಲ್ ತೆರಸ್ರಿ."

"ಸರಕಾರಿ ಕಂಪ್ಯೂಟರ್ ಮುಟ್ಟಾಕ ನಿಮಗ ಪರವಾನಗಿ ಐತೇನು?"

"ನಾ ಮುಟ್ಟೂದಿಲ್ಲ. ನಿಮ್ಮ ಆಪರೇಟರ್ ತೆರೀಲಿ. ಬ್ಯಾಡಂದ್ರ ಬ್ಯಾಡ ಅಂತ ಬರದು ಕೊಡ್ರಿ, ನಾಳೆ ಕೋರ್ಟಿನ್ಯಾಗ ಅದನ್ನ ಓದ್ತೇನಿ. ಹೊಸಾ ಹಾಳಿ ಮ್ಯಾಲ ಬರೀರಿ ಮತ್ತ."

ಅನೀಲಕುಮಾರ ಗಡಿಯಾರ ನೋಡಿದ. ಊಟದ ಹೊತ್ತು ಹತ್ತಿರವಿತ್ತು. ಇವಳಿಗೇನು ತಿಳಿಯುತ್ತದೆ ಎಂಬ ಅಸಡ್ಡೆ ಅವನ ಭುಜ ಅಲುಗಿಸಿತು. ಆ ಅಸಡ್ಡೆಯಲ್ಲೇ ಅವನು ಜಾರಿದ್ದು. ವಕೀಲಿಕೆಗೆ ಬರುವ ಮೊದಲು ವಿದ್ಯಾವತಿ ಬಸವನ ಬಾಗೇವಾಡಿಯಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಕ್ಲಾಸು ನಡೆಸಿದವಳೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಸುನೀತಾ, ತೆರೀ. ನೋಡಿ ಹೋಗ್ಲಿ."

ಪರದೆಯ ಮೇಲೆ ಎಕ್ಸೆಲ್ ಹಾಳೆ ಬಿಚ್ಚಿಕೊಂಡಿತು. ಗೇಟಿನ ಸಂಖ್ಯೆ, ಊರು, ದಿನ, ತೆರೆಯುವ ವೇಳೆ, ಮುಚ್ಚುವ ವೇಳೆ, ನೀರಿನ ಎತ್ತರ, ಕೊನೆಗೆ ಷರಾ. ದೇವಣಗಾಂವದ ಸಾಲಿನಲ್ಲಿ ಆ ಮಾತು ಕಣ್ಣಿಗೆ ರಾಚುವಂತೆ ಕೂತಿತ್ತು. ಪೊಲೀಸರು ನಂಬಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

"ತಂಗಿ, ಮೊದಲ ಇದರ ನಕಲು ಮಾಡು. ಮೂಲಕ್ಕ ಕೈ ಹಚ್ಚಬ್ಯಾಡ," ಎಂದಳು ವಿದ್ಯಾವತಿ. "ಹಾಂ. ಈಗ ವ್ಯೂ ಒಳಗ ಹೋಗು. ಪೇಜ್ ಬ್ರೇಕ್ ಪ್ರಿವ್ಯೂ."

ಹಾಳೆ ಕಿರಿದಾಗಿ, ಅದರ ಮೇಲೆ 'ಪೇಜ್ 1', 'ಪೇಜ್ 2' ಎಂದು ಬೂದು ಅಕ್ಷರಗಳು ಮೂಡಿದವು. ನಡುವೆ ನೀಲಿ ಗೆರೆಗಳು.

"ಅಡ್ಡ ಒಂದು ಗೆರಿ ಐತಿ, ಉದ್ದ ಒಂದು ಗೆರಿ ಐತಿ," ಎಂದಳು ತಿಪ್ಪವ್ವ, ಕಣ್ಣು ಕಿರಿದು ಮಾಡಿ. "ಒಂದಕ್ಕೊಂದು ಸಮ ಇಲ್ಲಲ್ರಿ ಬಾಯಾರ? ಅಡ್ಡಂದು ಹರಕ ಹರಕ ಐತಿ."

"ಅದನ್ನ ನೋಡಾಕ ಬಂದೇವಿ ಅಕ್ಕಾ. ಹರಕ ಗೆರಿ ಮಷಿನ್ ಹಾಕಿದ್ದು. ಜಾಗ ತೀರಿದಲ್ಲಿ ಅದು ಹಂಗ ತುಂಡ ತುಂಡ ಗೆರಿ ಎಳೀತೈತಿ. ಇಡೀ ಗೆರಿ ಮನಶ್ಯಾನ ಕೈಯಿಂದ ಹಾಕಿದ್ದು. ಇಲ್ಲೇ ಕಡಿ ಅಂತ ಮಷಿನ್ನಿಗಿ ಯಾರಾರ ಹೇಳಿದ್ರ ಮಾತ್ರ ಹಿಂಗ ಬೀಳತೈತಿ."

ಇಡೀ ಗೆರೆ ನಿಂತಿದ್ದು ನೀರಿನ ಎತ್ತರಕ್ಕೂ ಷರಾಕ್ಕೂ ನಡುವೆ. ಕೊಡಲಿ ಏಟಿನಷ್ಟು ನೇರ.

"ಕೈ ತಪ್ಪಿ ಬಿದ್ದಿರಬೇಕು," ಎಂದ ಅನೀಲಕುಮಾರ.

"ನೋಡೂಣು. ತಂಗಿ, ನಕಲಿನ್ಯಾಗ ಆ ಗೆರಿ ತಗಿ. ರೀಸೆಟ್ ಆಲ್ ಪೇಜ್ ಬ್ರೇಕ್ಸ್ ಅಂತ ಐತಲ್ಲ, ಅದನ್ನ ಒತ್ತು."

ಉದ್ದ ಗೆರೆ ಮಾಯವಾಯಿತು. ಅದರ ಜಾಗದಲ್ಲಿ ಹರಕು ಗೆರೆಯೂ ಮೂಡಲಿಲ್ಲ. ಷರಾ ಉಳಿದೆಲ್ಲ ಕಾಲಮುಗಳ ಜೊತೆ ಒಂದೇ ಪುಟದ ಅಗಲದಲ್ಲಿ ಆರಾಮಾಗಿ ಕೂತಿತು. ಇನ್ನೂ ಬೆರಳಗಲ ಜಾಗ ಮಿಕ್ಕಿತ್ತು.

"ಜಾಗ ತೀರಿಲ್ಲ ಸಾಹೇಬ್ರ. ಮಷಿನ್ನಿಗಿ ಕಡಿಯೂ ದರಕಾರನ ಇರಲಿಲ್ಲ."

ಅನೀಲಕುಮಾರ ಪರದೆಯ ಕಡೆ ಬಾಗಿ ನೋಡಿದ.

"ಇನ್ನೊಂದು," ವಿದ್ಯಾವತಿ ದನಿ ಏರಿಸಲಿಲ್ಲ. "ಅದಕ್ಕೂ ಹಿಂದಿನ ವಾರದ ಹಾಳಿ ತೆರಿ. ಪೇಜ್ ಸೆಟಪ್ ನೋಡು. ಎಲ್ಲಾ ಒಂದ ಪುಟದಾಗ ಹಿಡಿಸು ಅಂತ ಐತಿಲ್ಲೋ?"

"ಹೌದ್ರಿ," ಎಂದಳು ಸುನೀತಾ. ಆ ದಿನ ಅವಳು ಆಡಿದ ಮೊದಲ ಮಾತು. "ಫಿಟ್ ಟು ಒನ್ ಪೇಜ್ ಐತ್ರಿ. ಯಾವಾಗ್ಲೂ ಹಂಗ ಇಡ್ತೇನ್ರಿ."

"ಅದು ಇದ್ದಾಗ ಕೈಲೆ ಹಾಕಿದ ಗೆರಿಗಿ ಮಷಿನ್ ಕಿಮ್ಮತ್ತ ಕೊಡೂದಿಲ್ಲ. ಗೆರಿ ಹತ್ತಬೇಕಂದ್ರ ಮೊದಲ ಅದನ್ನ ತಗೀಬೇಕು. ಸಾವಿನ ವಾರದ ಹಾಳಿಯೊಳಗ ಅದನ್ನ ತಗದಾರ. ಕೈ ಎಷ್ಟ ಸಲ ತಪ್ಪತೈತ್ರಿ ಸಾಹೇಬ್ರ? ಒಮ್ಮೆ ಸೆಟಪ್ ಒಳಗ, ಮತ್ತೊಮ್ಮೆ ಗೆರಿ ಮ್ಯಾಲ?"

ವಿದ್ಯಾವತಿಗೆ ಲಾಕಪ್ಪಿನ ಸರಳಿನಾಚೆ ಗೈಬುಸಾಬ ಹೇಳಿದ ಮಾತು ನೆನಪಾಯಿತು. ಒಂದೇ ಪುಟದಲ್ಲಿ ಎಲ್ಲ ಹಿಡಿಸಿದಾಗ ಅಕ್ಷರ ಇರುವೆಯಷ್ಟಾಗುತ್ತಿದ್ದವು. ಆ ವಾರ ಮಾತ್ರ ದೊಡ್ಡದಾಗಿ ಬಂದಿದ್ದವು. 'ಖುಷಿ ಪಟ್ನ್ರಿ ಬಾಯಾರ, ಮುದುಕನ ಕಣ್ಣಿನ ಕಾಳಜಿ ಆಫೀಸಿನವ್ರಿಗಿ ಬಂತು ಅಂತ. ಬೇಕಾದ್ರ ಆ ಹಾಳಿ ನೋಡ್ರಿ ಅಂತಿದ್ನಿ. ಸಂಗಣ್ಣನ್ನ ಎಳ್ಯಾಕ ನೀರಿಗಿ ಜಿಗದಾಗ ಅಂಗಿ ಕಿಸೆದಾಗಿತ್ತು. ಮುದ್ದಿ ಆತು.'

ಸಾಯುವವನನ್ನು ಉಳಿಸಲು ನೀರಿಗೆ ಹಾರಿದವನೇ ಈಗ ಕೊಂದವನು. ಹಾಳೆ ಕತ್ತರಿಸಿದವರ ಬಟ್ಟೆಗೆ ಹನಿ ನೀರೂ ಸಿಡಿದಿರಲಿಲ್ಲ.

ಅನೀಲಕುಮಾರ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಆಮೇಲೆ ಒಮ್ಮೆಲೆ ಅವನ ಮುಖ ಹಗುರಾಯಿತು.

"ಒಪ್ಪಿದ್ನಿ ವಕೀಲಬಾಯಾರ. ಮನಶ್ಯಾನ ಕೈನೇ. ಬರಕೊಳ್ರಿ. ಆದ್ರ ಯಾರ ಕೈ? ಈ ಕಂಪ್ಯೂಟರಿನ ಪಾಸ್‌ವರ್ಡ್ ಯಾರ ಹೆಸರಿಲೆ ಐತಿ?" ಅವನು ಕುರ್ಚಿ ತಿರುಗಿಸಿ ಸುನೀತಾಳ ಕಡೆ ಗದ್ದ ಎತ್ತಿದ. "ಗೈಬುಸಾಬನ್ನ ಬಿಡಿಸ್ರಿ, ಇವಳನ್ನ ಒಳಗ ಹಾಕಸ್ರಿ. ನನಗೇನೂ ಹರಕತ್ತಿಲ್ಲ."

ಒಬ್ಬ ಬಡವನ ಕತ್ತಿನಿಂದ ಬಿಚ್ಚಿದ ಹಗ್ಗವನ್ನು ಇನ್ನೊಬ್ಬ ಬಡವಳ ಕತ್ತಿಗೆ ಹಾಕಲು ಅವನು ಎಷ್ಟು ಬೇಗ ಗಂಟು ಕಟ್ಟಿದ್ದ! ಅದೂ ವಿದ್ಯಾವತಿಯೇ ತೋರಿಸಿದ ಸಾಕ್ಷ್ಯದ ಹಗ್ಗದಿಂದ.

"ಪಾಸ್‌ವರ್ಡ್ ಚೀಟಿ ಪರದಿಗಿ ಅಂಟಿಸೇತಲ್ರಿ ಸರ್," ಎಂದಳು ಸುನೀತಾ. "ಅಂಟಸು ಅಂದವ್ರು ನೀವ. ಆ ವಾರ ನಾ ನಮ್ಮ ಅಕ್ಕನ ಕೂಸಿನ ತೊಟ್ಟಿಲಕ್ಕ ಇಂಡಿಗಿ ಹೋಗಿದ್ನಿ. ಬರೂದ್ರಾಗ ಹಾಳಿ ಪ್ರಿಂಟ್ ಆಗಿ ಹೋಗಿತ್ತು. ಗೆರಿ ನಾ ಎಳದಿಲ್ರಿ. ನಾ ನಕಲು ಅಷ್ಟ ಮಾಡೇನಿ."

"ಏನ್ ನಕಲು?" ವಿದ್ಯಾವತಿ ತಟ್ಟನೆ ತಿರುಗಿದಳು.

"ವಾರಾ ವಾರಾ ಹೊಸಾ ಪಟ್ಟಿ ಯಾರ್ ಬರೀತಾರ್ರಿ? ಹೋದ ಸಲದ್ದನ್ನ ನಕಲು ಮಾಡಿ, ಊರು, ವೇಳೆ ಬದಲಿ ಮಾಡ್ತೇನ್ರಿ. ದೇವಣಗಾಂವದ ಹಾಳಿ ನಕಲು ಮಾಡಿ..." ಸುನೀತಾ ಅಲ್ಲಿಗೇ ನಿಂತಳು. ಅವಳ ಕಣ್ಣು ಪರದೆಯ ಬುಡಕ್ಕೆ, ಹಾಳೆಗಳ ಹೆಸರಿದ್ದ ಪಟ್ಟಿಗೆ ಇಳಿಯಿತು.

ಹಾಳೆ ನಕಲಾದರೆ ಅದರ ಮೇಲಿನ ಗೆರೆಯೂ ನಕಲಾಗುತ್ತದೆ. ಸೆಟಪ್ಪೂ ಅದರ ಜೊತೆ ಹೋಗುತ್ತದೆ. ಕ್ಲಾಸಿನಲ್ಲಿ ಹುಡುಗಿಯರಿಗೆ ಅದೆಷ್ಟು ಸಲ ಹೇಳಿದ್ದಳೋ ವಿದ್ಯಾವತಿ.

"ದೇವಣಗಾಂವದ್ದು ನಕಲು ಮಾಡಿ ಯಾವ ಊರಿಂದು ಮಾಡಿದಿ?"

ಸುನೀತಾ ಆ ಪಟ್ಟಿಯ ಒಂದು ಹೆಸರಿನ ಮೇಲೆ ಬಾಣ ಇಟ್ಟಳು. ಬೆರಳು ಒತ್ತಿತು. 'ಮುದ್ದೇಬಿಹಾಳ ಭಾಗ' ಎಂಬ ಹಾಳೆ ತೆರೆಯಿತು. ಅದೇ ಇಡೀ ಗೆರೆ, ಅದೇ ಜಾಗ. ಗೆರೆಯ ಈಚೆಗೆ: ತಂಗಡಗಿ ಹಾದಿಯ ಗೇಟು, ಇವತ್ತಿನ ದಿನ, ತೆರೆಯುವ ವೇಳೆ ಮಧ್ಯಾಹ್ನ ಹನ್ನೆರಡು. ಗೆರೆಯ ಆಚೆಗೆ, ಷರಾದಲ್ಲಿ: 'ಒಳಗೆ ಕೆಲಸದವರಿದ್ದಾರೆ. ತೆರೆಯಬಾರದು.'

"ನಿನ್ನಿ ಸಂಜಿಕ ಗುತ್ತಿಗೆದಾರ ಫೋನ್ ಮಾಡಿ ಹೇಳಿದ್ರಿ, ಮಂದಿ ಇಳಸಾಕತ್ತೇವಿ ಅಂತ. ಷರಾ ನಾನ ಟೈಪ್ ಮಾಡಿದ್ನಿ," ಸುನೀತಾಳ ತುಟಿ ಬೆಳ್ಳಗಾಗಿದ್ದವು. "ಕಡೀಕ ಖಾಲಿ ಪುಟ ಬಂದ್ವು ಅಂತ ತಗದ ಇಟ್ನಿ. ಬರೇ ಮೊದಲಿನ ಪುಟ ಕಳಿಸೇನ್ರಿ."

ತಿಪ್ಪವ್ವನಿಗೆ ಓದು ಬಾರದು. ಆದರೆ ಮುಖ ಓದಲು ಬರುತ್ತಿತ್ತು.

"ಅಲ್ಲಿ ಮಂದಿ ಅದಾರೇನ್ ಯವ್ವಾ? ಈಗ? ಒಳಗ?"

ಗೋಡೆಯ ಗಡಿಯಾರದಲ್ಲಿ ದೊಡ್ಡ ಮುಳ್ಳು ಹನ್ನೆರಡನ್ನು ಮುಟ್ಟಲು ಸ್ವಲ್ಪವೇ ಬಾಕಿ.

"ಫೋನ್ ಹಚ್ರಿ ಸಾಹೇಬ್ರ!" ವಿದ್ಯಾವತಿ ಮೇಜು ಬಡಿದಳು.

ಅನೀಲಕುಮಾರ ಅಲುಗಲಿಲ್ಲ. ಫೋನು ಹಚ್ಚಿದವಳು ಸುನೀತಾ. ಸ್ಪೀಕರಿನಲ್ಲಿ ಗಂಟೆ ಬಾರಿಸಿತು, ಬಾರಿಸಿತು, ಕೊನೆಗೆ ಗಾಳಿಯ ಸದ್ದಿನೊಳಗಿಂದ ಒಂದು ದನಿ ಬಂತು. ತಂಗಡಗಿ ಹಾದಿಯ ಗೇಟು ಕಾಯುವ ದಾವಲಮಲಿಕ.

"ಹಲೋ, ಯಾರ್ರಿ?"

"ಕಾಕಾ, ನಾ ಆಫೀಸಿನ ಸುನೀತಾ. ಗೇಟ್ ತಗೀಬ್ಯಾಡ್ರಿ. ಗೊಳವಿಯೊಳಗ ಮಂದಿ ಅದಾರ."

"ಹಾಳಿಯೊಳಗ ಹಂಗೇನ್ ಇಲ್ಲಲ್ಲ ಬೇ. ಕೈಯಾಗ ಹಿಡಕೊಂಡ ನಿಂತೇನಿ. ಹನ್ನೆರಡಕ್ಕ ತೆರಿ ಅಂತ ಐತಿ."

"ಹಾಳಿ ಅರ್ಧಾ ಬಂದೈತಿ ಕಾಕಾ! ಒದರಿ ನೋಡ್ರಿ, ಮಂದಿ ಅದಾರ!"

"ಗೊಳವಿ ಬಾಯಿ ಇಲ್ಲಿಂದ ಎಲ್ಲಿ ಕಾಣತೈತಿ? ಹೊಲ ದಾಟಿ, ದಿಬ್ಬ ದಾಟಿ ಹೋಗಬೇಕು." ದಾವಲಮಲಿಕ ಉಸಿರು ಬಿಟ್ಟ. "ನೋಡವಾ, ಮೊನ್ನಿ ಹಿಂಗ ಯಾರೋ ಫೋನ್ ಮಾಡಿ ನಿಲ್ಲಸು ಅಂದ್ರು. ನಿಲ್ಲಿಸಿದ್ನಿ. ಮಗ್ಗಲ ಊರಿನವ್ರು ನೀರು ಕದಿಯಾಕ ಹೂಡಿದ ಆಟ ಅದು. ನನಗ ನೋಟೀಸ್ ಬಂತು. ಗೈಬು ನೋಡಿದ್ರ ಲಾಕಪ್ಪಿನ್ಯಾಗ ಕುಂತಾನ. ಸಾಹೇಬ್ರ ಹುಕುಂ ಆಗೇತಿ, ಹಾಳಿಯೊಳಗ ಇದ್ದಂಗ ಮಾಡು, ಇಲ್ಲಾ ಸಾಹೇಬ್ರ ದನಿ ಕೇಳಿ ಮಾಡು ಅಂತ. ನಿನ್ನ ಮಾತಿಗಿ ಕಿಮ್ಮತ್ತಿಲ್ಲವಾ, ಸಿಟ್ಟಾಗಬ್ಯಾಡ. ನನ್ನ ಮಾತಿಗೂ ಇಲ್ಲ. ಸಾಹೇಬ್ರು ಒಂದ ಮಾತು 'ಬ್ಯಾಡ' ಅನ್ಲಿ, ಸಾಕು."

ಸುನೀತಾ ಫೋನನ್ನು ಅನೀಲಕುಮಾರನ ಬಾಯಿಯ ಮುಂದೆ ಹಿಡಿದಳು.

ಒಂದೇ ಮಾತು. ಆದರೆ ವಕೀಲೆಯ ಎದುರು ಆ ಮಾತು ಆಡಿದರೆ, ಕಚೇರಿಯಿಂದ ಹೋದ ಹಾಳೆಯಲ್ಲಿ ಷರಾ ಇರಲಿಲ್ಲ ಎಂದು ಒಪ್ಪಿದಂತೆ. ಇವತ್ತಿನ ಹಾಳೆಯಲ್ಲಿ ಇಲ್ಲ ಎಂದರೆ ಆವತ್ತಿನದರಲ್ಲೂ ಇರಲಿಲ್ಲ. ಗೈಬುಸಾಬ ನಾಳೆ ಹೊರಗೆ. ಆಮೇಲೆ ಆ ಗೆರೆ ಯಾರದೆಂಬ ಪ್ರಶ್ನೆ ಈ ಕುರ್ಚಿಯ ಕಾಲನ್ನು ಹಿಡಿಯುತ್ತದೆ.

ಅವನ ತುಟಿ ತೆರೆಯಲಿಲ್ಲ.

"ಬಾಯಿ ತೆರಿ," ಎಂದಳು ತಿಪ್ಪವ್ವ. ಇಲ್ಲಿಯವರೆಗಿನ 'ರಿ' ಅವಳ ನಾಲಿಗೆಯಿಂದ ಉದುರಿಬಿದ್ದಿತ್ತು. "ಏ ಅನೀಲಕುಮಾರ, ಬಾಯಿ ತೆರಿ! ಅಲ್ಲಿ ಇಳದವ್ರಿಗೂ ಹೆಂಡ್ರು ಅದಾರೋ!"

ಅನೀಲಕುಮಾರ ಮೆಲ್ಲಗೆ ಕೈ ಚಾಚಿದ. ಕೈ ಫೋನಿನ ಪಕ್ಕದಿಂದ ಹಾದು, ಸುನೀತಾಳ ಮೊಣಕೈ ಸವರಿ, ಆ ಗೆರೆಯಿದ್ದ ಪರದೆಯನ್ನೇ ಆರಿಸಲು ಕಂಪ್ಯೂಟರಿನ ಹಿಂದಿನ ವೈರಿನ ಕಡೆ ಹೋಯಿತು.

"ಹಲೋ, ಸಾಹೇಬ್ರ?" ಸ್ಪೀಕರಿನಲ್ಲಿ ದಾವಲಮಲಿಕನ ದನಿ. ಅದರ ಹಿಂದೆ ಕಬ್ಬಿಣದ ಚಕ್ರ ಕಿರ್ರೆಂದಿತು. "ಹೊತ್ತಾತ್ರಿ. ಸುಮ್ಮ ಅದೀರಿ ಅಂದ್ರ ತೆರಿ ಅಂತ ತಿಳೀಲೇನ್ರಿ?"